ಕೊರೊನಾ, ರಕ್ತನಾಳ ಮತ್ತು ಗ್ಯಾಸಿನ ಗುಳಿಗೆ

ಸಿಂಧನೂರಿನಲ್ಲಿ ನಾನೊಂದು ಔಷಧ ಅಂಗಡಿ ನಡೆಸುತ್ತೇನೆ. ನಲವತ್ತರ ಆಸುಪಾಸಿನವರು ಯಾರಾದರೂ ಎದೆ ಹಿಡಿದುಕೊಂಡು ತೀರಿಹೋದ ಸುದ್ದಿ ಬಂದ ದಿನ ಅಂಗಡಿಯ ಮುಂದೆ ಕೇಳಿಬರುವುದು ಒಂದೇ ಮಾತು: "ಆ ಇಂಜೆಕ್ಷನ್ ತಗೊಂಡಿದ್ದಕ್ಕ ಹಿಂಗಾತು ನೋಡ್ರಿ." ಸತ್ತವರಿಗೆ ಕೊರೊನಾ ಬಂದಿತ್ತೇ, ಬಂದಿದ್ದರೆ ಎಷ್ಟು ಜೋರಾಗಿತ್ತು, ಆಸ್ಪತ್ರೆ ಸೇರಿದ್ದರೇ ಎಂದು ಕೇಳಿದವರನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಲಸಿಕೆಯನ್ನು ಪ್ರಶ್ನಿಸಬಾರದೆಂದು ಹೇಳುತ್ತಿಲ್ಲ. ಆ ಕಾಯಿಲೆಯೇ ಹೃದಯಕ್ಕೂ ರಕ್ತನಾಳಗಳಿಗೂ ಕೈಹಾಕುತ್ತದೆ ಎಂಬ ಸಂಗತಿ ನಮ್ಮ ಲೆಕ್ಕದಿಂದ ಪೂರ್ತಿ ಬಿಟ್ಟುಹೋದದ್ದು ಹೇಗೆ ಎಂಬುದಷ್ಟೇ ನನ್ನ ತಕರಾರು.

ಕೊರೊನಾ ಎಂದರೆ ಪುಪ್ಪುಸದ ಕಾಯಿಲೆ ಎಂದು ನಾವೆಲ್ಲ ನಂಬಿದ್ದೆವು, ಏಕೆಂದರೆ ಆಗ ನಮ್ಮ ಕಣ್ಣಿಗೆ ಬಿದ್ದದ್ದು ಕೆಮ್ಮು, ಉಬ್ಬಸ ಮತ್ತು ಆಕ್ಸಿಮೀಟರಿನ ಅಂಕಿ. ಆದರೆ ವೈರಸ್ ಜೀವಕೋಶದೊಳಗೆ ಹೋಗಲು ಹಿಡಿದುಕೊಳ್ಳುವ ಎಸಿಇ-2 ಎಂಬ ಕೊಂಡಿ ಪುಪ್ಪುಸದಲ್ಲಿ ಮಾತ್ರವಲ್ಲದೆ ಹೃದಯದಲ್ಲೂ ಇದೆ. ರಕ್ತನಾಳಗಳ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳುವಾದ ಪದರವಿರುತ್ತದೆ. ನಾಳ ಹಿಗ್ಗಿ ಸಡಿಲವಾಗಿರುವಂತೆ, ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟದಂತೆ ಕಾಯುವುದು ಈ ಪದರದ ಕೆಲಸ. ಗಿರಾಕಿಗಳಿಗೆ ನಾನು ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಲೈನಿಂಗ್ ಎಂದು ವಿವರಿಸುತ್ತೇನೆ, ಅದು ಕಿತ್ತುಹೋದಲ್ಲಿ ಕಸಕಡ್ಡಿ ಸಿಕ್ಕಿಕೊಂಡು ಹೂಳು ತುಂಬುವುದನ್ನು ಇಲ್ಲಿ ನೋಡದವರಿಲ್ಲ. ಆ ಪದರವನ್ನು ವೈರಸ್ ತಾನೇ ಕೆಡಿಸಿದ್ದೆಷ್ಟು, ಅದರ ವಿರುದ್ಧ ದೇಹ ಎಬ್ಬಿಸಿದ ಉರಿಯೂತ ಕೆಡಿಸಿದ್ದೆಷ್ಟು ಎಂಬ ಬಗ್ಗೆ ತಜ್ಞರಲ್ಲಿ ವಾದವಿದೆ. ಅದು ಕೆಟ್ಟಿತೆಂಬುದರಲ್ಲಿ ವಾದವಿಲ್ಲ. ಕೊರೊನಾದಿಂದ ಸತ್ತ 7 ಮಂದಿಯ ಮತ್ತು ಇನ್‌ಫ್ಲುಯೆಂಜಾದಿಂದ ಸತ್ತ 7 ಮಂದಿಯ ಪುಪ್ಪುಸಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊರೊನಾ ಪುಪ್ಪುಸಗಳ ಕೂದಲೆಳೆಯಂಥ ನಾಳಗಳಲ್ಲಿ ಹೆಪ್ಪುಗಳು 9 ಪಟ್ಟು ಹೆಚ್ಚಾಗಿದ್ದವು. ಹಾಗಾಗಿ ಉಸಿರಿನ ತೊಂದರೆ ಎಂದು ನಾವು ಕರೆದದ್ದರಲ್ಲಿ ಒಂದು ಪಾಲು ರಕ್ತನಾಳದ ತೊಂದರೆಯೇ ಆಗಿತ್ತು.

ಇದನ್ನೆಲ್ಲ ಓದಿ ತಿಳಿಯುವ ಮೊದಲೇ ಅಂಗಡಿಯ ಚೀಟಿಗಳಲ್ಲಿ ನಾನು ಅದನ್ನು ಕಂಡಿದ್ದೆ. 2021ರ ಮೇ ತಿಂಗಳಲ್ಲಿ, ಆಕ್ಸಿಜನ್ನಿಗಾಗಿ ಜನ ಬಳ್ಳಾರಿ, ರಾಯಚೂರು ಎಂದು ಅಲೆಯುತ್ತಿದ್ದಾಗ, ಅದುವರೆಗೆ ಹೃದಯದ ರೋಗಿಗಳಿಗಷ್ಟೇ ಬರೆಯುತ್ತಿದ್ದ ರಕ್ತ ತೆಳುವಾಗಿಸುವ ಗುಳಿಗೆಗಳು ಇದ್ದಕ್ಕಿದ್ದಂತೆ ಮೂವತ್ತು ವರ್ಷದವರ ಚೀಟಿಯಲ್ಲೂ ಕಾಣಿಸಿಕೊಂಡವು. ರಕ್ತದಲ್ಲಿ ಹೆಪ್ಪು ಕಟ್ಟಿ ಕರಗುತ್ತಿರುವುದರ ಸುಳಿವು ಕೊಡುವ ಡಿ-ಡೈಮರ್ ಪರೀಕ್ಷೆಯ ಅಂಕಿಯನ್ನು ಜನ ಪರೀಕ್ಷೆಯ ಮಾರ್ಕ್ಸಿನಂತೆ ಹೋಲಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವರು ಐದನೇ ದಿನಕ್ಕೇ ಗುಳಿಗೆ ಬಿಟ್ಟರೆ, ಇನ್ನು ಕೆಲವರು ಅದೇ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಒಯ್ದರು. ಅಂಥ ಒಬ್ಬರಿಗೆ ತಾರೀಖು ನೋಡದೆ ನಾನು ಮೂರು ಸಲ ಕೊಟ್ಟಿದ್ದೆ; ನಾಲ್ಕನೇ ಸಲ ಅವರು ಮೂಗಿಗೆ ಹತ್ತಿ ಇಟ್ಟುಕೊಂಡು ಬಂದಾಗ ನನ್ನ ಕೈ ತಣ್ಣಗಾಯಿತು. ತಪ್ಪು ನನ್ನದೇ.

ಕಾಯಿಲೆ ವಾಸಿಯಾದ ಮೇಲೂ ಅಪಾಯ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ಲೆಕ್ಕಗಳು ಹೊರಗಿನಿಂದ ಬಂದವು. ಅಮೆರಿಕದ ಸೇಂಟ್ ಲೂಯಿಸ್‌ನ ಸಂಶೋಧಕರು ಅಲ್ಲಿನ ಮಾಜಿ ಸೈನಿಕರಲ್ಲಿ ಸೋಂಕಾಗಿದ್ದ 1,53,760 ಮಂದಿಯ ದಾಖಲೆಗಳನ್ನು ಸೋಂಕಿಲ್ಲದ 50 ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆಗಳೊಂದಿಗೆ ಹೋಲಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ವರ್ಷದಲ್ಲಿ ಪ್ರತಿ 1000 ಸೋಂಕಿತರಲ್ಲಿ ಸುಮಾರು 45 ಮಂದಿಗೆ ಹೆಚ್ಚುವರಿಯಾಗಿ ಹೃದಯ ಅಥವಾ ರಕ್ತನಾಳದ ಯಾವುದಾದರೊಂದು ತೊಂದರೆ ಕಾಣಿಸಿತ್ತು. ಆಸ್ಪತ್ರೆ ಸೇರದೆ ಮನೆಯಲ್ಲೇ ಗುಣವಾದವರಲ್ಲೂ ಅಪಾಯ ಹೆಚ್ಚಿತ್ತು, ಆಸ್ಪತ್ರೆ ಸೇರಿದವರಲ್ಲಿ ಇನ್ನೂ ಹೆಚ್ಚಿತ್ತು. ಸ್ವೀಡನ್ನಿನ 10 ಲಕ್ಷಕ್ಕೂ ಹೆಚ್ಚು ಸೋಂಕಿತರ ಅಧ್ಯಯನದಲ್ಲಿ ಕಾಲಿನ ಅಭಿಧಮನಿಯ ಹೆಪ್ಪಿನ ಅಪಾಯ 3 ತಿಂಗಳವರೆಗೂ, ಪುಪ್ಪುಸಕ್ಕೆ ಹೆಪ್ಪು ಹೋಗಿ ಸಿಕ್ಕಿಕೊಳ್ಳುವ ಅಪಾಯ 6 ತಿಂಗಳವರೆಗೂ ಹೆಚ್ಚಾಗಿಯೇ ಇತ್ತು. ಆ ಮಾಜಿ ಸೈನಿಕರಲ್ಲಿ ಬಹುತೇಕರು ವಯಸ್ಸಾದ ಬಿಳಿಯ ಗಂಡಸರು. ಕ್ಯಾಂಪು ಎಂದು ಕರೆಯುವ ನಮ್ಮ ಕಡೆಯ ಹಳ್ಳಿಗಳಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಆ 45ರ ಅಂಕಿಯನ್ನು ಹಾಗೆಯೇ ತಂದು ಹಚ್ಚುವುದು ಸರಿಯಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು.

ನಮ್ಮ ದೇಶದ ಲೆಕ್ಕವೂ ಇದೆ. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವು, ಸತ್ತ 729 ಮಂದಿಯನ್ನು ಬದುಕಿದ್ದ 2,916 ಮಂದಿಯೊಂದಿಗೆ ಹೋಲಿಸಿ, ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲವೆಂದೂ, ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯೇ ಇತ್ತೆಂದೂ ಹೇಳಿತು. ಅಪಾಯ ಹೆಚ್ಚಿಸಿದ್ದವುಗಳಲ್ಲಿ ಕೊರೊನಾದಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವುಗಳಾಗಿದ್ದದ್ದು, ಸಾವಿಗೆ ಮುಂಚಿನ ಎರಡು ದಿನಗಳೊಳಗೆ ಮಿತಿಮೀರಿ ಕುಡಿದದ್ದು ಇದ್ದವು. ಕೋವಿಶೀಲ್ಡ್ ಮಾದರಿಯ ಲಸಿಕೆ ತೀರ ಅಪರೂಪಕ್ಕೆ, ಮೊದಲ ಕೆಲವು ವಾರಗಳಲ್ಲಿ, ಹೆಪ್ಪುಗಟ್ಟುವ ತೊಂದರೆ ತರುತ್ತದೆಂಬುದು 2021ರಲ್ಲೇ ದಾಖಲಾದ ನಿಜ, ಅದನ್ನು ಮುಚ್ಚಿಡುವುದೂ ತಪ್ಪು. ಹಾಗೆಯೇ, ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಆದ ಹೃದಯಾಘಾತದ ಸಾವುಗಳು ಸುದ್ದಿಯಾದ 2025ರಲ್ಲಿ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸೋಂಕಿನ ನಂತರದ ಒಂದು ವರ್ಷದವರೆಗೆ ಹೃದಯದ ಹಠಾತ್ ತೊಂದರೆಗಳು ಹೆಚ್ಚಿದ್ದರೂ ಮೂರು ವರ್ಷ ದಾಟಿದ ಮೇಲೆ ಆ ಮಾತಿಗೆ ಆಧಾರವಿಲ್ಲ ಎಂದಿತು. ಆದ್ದರಿಂದ ಈಗ ಆಗುವ ಪ್ರತಿ ಸಾವನ್ನೂ ಕೊರೊನಾದ ಖಾತೆಗೆ ಬರೆಯುವುದು, ಇಂಜೆಕ್ಷನ್ನಿನ ಖಾತೆಗೆ ಬರೆದಷ್ಟೇ ಸೋಮಾರಿತನ. ಬೀಡಿ, ಸಕ್ಕರೆ ಕಾಯಿಲೆ, ಬಿಪಿ ಎಂಬ ಹಳೆಯ ಸಾಲಗಾರರು ಎಲ್ಲಿಗೂ ಹೋಗಿಲ್ಲ.

ಕಳೆದ ಬೇಸಿಗೆಯ ಒಂದು ರಾತ್ರಿ ಹತ್ತರ ಹೊತ್ತಿಗೆ, ಇನ್ನೇನು ಶಟರ್ ಎಳೆಯಬೇಕು ಎನ್ನುವಾಗ, ಅಡತಿ ಅಂಗಡಿಯೊಂದರ ಮುನೀಮರು ಬಂದರು. "ಅಣ್ಣಾರ, ಹೊಟ್ಟಿ ಉಬ್ಬರಿಸಿ ಎದಿ ಹಿಡ್ದಂಗಾಗೈತಿ, ಗ್ಯಾಸಿನ ಗುಳಿಗಿ ಕೊಡ್ರಿ" ಎಂದರು. ಸೆಖೆ ಎಲ್ಲರಿಗೂ ಇತ್ತು, ಆದರೆ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದ ರೀತಿ ಬೇರೆಯೇ ಇತ್ತು. ಎಡಗೈಯನ್ನು ಮತ್ತೆ ಮತ್ತೆ ಜಾಡಿಸುತ್ತಿದ್ದರು. "ಗುಳಿಗಿ ಆಮ್ಯಾಲ ಕೊಡ್ತೀನ್ರಿ ಮಾಮಾ, ಮೊದಲು ಗಾಡಿ ಹತ್ರಿ" ಎಂದು ತಾಲೂಕು ಆಸ್ಪತ್ರೆಗೆ ಕರೆದೊಯ್ದೆ. ಇಸಿಜಿ ತೆಗೆದರು, ಹೃದಯಾಘಾತವೆಂದು ಖಚಿತವಾಯಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಬರುವ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಟ್ಟು, ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. 80 ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯನ್ನು ಗ್ಯಾಸಿನ ಗುಳಿಗೆ ನುಂಗಿ ಬೆಳಗಾದ ಮೇಲೆ ಹಿಡಿದಿದ್ದರೆ ಏನಾಗುತ್ತಿತ್ತೋ ಊಹಿಸಲು ನನಗಿಷ್ಟವಿಲ್ಲ.

ಆಂಬುಲೆನ್ಸ್ ಹೊರಡುವ ಮೊದಲು ವೈದ್ಯರು ಅವರ ಹೆಂಡತಿಯನ್ನು ಹಿಂದಿನ ಕಾಯಿಲೆಗಳ ಬಗ್ಗೆ ಕೇಳಿದರು. ಸಕ್ಕರೆ ಇದೆ ಎಂದರು. ಕೊರೊನಾ ಬಂದಿತ್ತೇ ಎಂದು ನಾನೇ ನಡುವೆ ಬಾಯಿಹಾಕಿ ಕೇಳಿದೆ. ಎರಡನೇ ಅಲೆಯಲ್ಲಿ ಒಂಬತ್ತು ದಿನ ಆಕ್ಸಿಜನ್ ಮೇಲೆ ಇದ್ದರಂತೆ. ಆಗಿನ ಫೈಲ್, ಸ್ಕ್ಯಾನ್, ರಕ್ತದ ರಿಪೋರ್ಟುಗಳು ಎಲ್ಲಿವೆ ಎಂದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದರು: "ಅವನ್ನ ಮನ್ಯಾಗ ಇಡಬಾರದಂತ ಅವಾಗ್ಲೇ ಸುಟ್ಟುಬಿಟ್ಟಿವ್ರಿ."