ರಾತ್ರಿ ಹನ್ನೆರಡಕ್ಕೆ ಡೇಟಾ ಬರುತ್ತೆ

ಮಧ್ಯವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಸೆಕೆಂಡ್ ಪಿಯುಸಿ, ಅರ್ಥಶಾಸ್ತ್ರ. ಒಬ್ಬ ಹುಡುಗಿಯ ಪೇಪರಿನ ಐದನೇ ಪುಟಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಬೇಡಿಕೆಯ ನಿಯಮದ ಉತ್ತರ. ಮೊದಲ ಎರಡು ಸಾಲು ಮುತ್ತು ಪೋಣಿಸಿದ ಹಾಗಿದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಸಡಿಲವಾಗಿದೆ. 'ಬೆಲೆ' ಅಂತ ಬರೆಯುವಾಗ ಆ 'ಲೆ' ಪೂರ್ತಿಯಾಗಿಲ್ಲ. ಪೆನ್ನು ಹಾಗೇ ಜಾರಿ, ಗೆರೆ ಪುಟದ ಕೆಳಗಿನ ಅಂಚಿನವರೆಗೂ ಹೋಗಿದೆ. ಅದರ ಪಕ್ಕದಲ್ಲೇ ಮತ್ತೆ ಗುಂಡು ಅಕ್ಷರದಲ್ಲಿ ಉತ್ತರ ಮುಂದುವರಿದಿದೆ.

ಪರೀಕ್ಷೆ ಬರೀತಾ ಬರೀತಾ ಮಗು ನಿದ್ದೆ ಹೋಗಿತ್ತು.

ಓದದ ಹುಡುಗಿ ಏನಲ್ಲ ಅವಳು. ಎಸ್‌ಎಸ್‌ಎಲ್‌ಸಿಯಲ್ಲಿ ಡಿಸ್ಟಿಂಕ್ಷನ್. ಯಾವಾಗಲೂ ಮುಂದಿನ ಬೆಂಚು. ನಮ್ಮದು ಹಾಸನ ಕಡೆಯ ಒಂದು ಪಿಯು ಕಾಲೇಜು, ಅರ್ಧಕ್ಕರ್ಧ ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಇವಳೂ ಏಳೂವರೆ ಬಸ್ಸು ಹಿಡಿಯಬೇಕು, ಅಂದರೆ ಆರು ಗಂಟೆಗೆ ಏಳಲೇಬೇಕು.

ಸ್ಟಾಫ್ ರೂಮಿಗೆ ಕರೆದು ಪೇಪರ್ ತೋರಿಸಿದೆ. ಬೈಯಲಿಲ್ಲ.

"ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯ ಪುಟ್ಟಾ?"

"ಹತ್ತಕ್ಕೆ ಮೇಡಂ."

"ನಿದ್ದೆ ಎಷ್ಟು ಗಂಟೆಗೆ ಬರುತ್ತೆ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎರಡಾಗುತ್ತೆ ಮೇಡಂ."

ಅಷ್ಟು ಹೊತ್ತು ಏನು ಮಾಡ್ತೀಯ ಅಂತ ಕೇಳಿದೆ. "ಹತ್ತರ ಹೊತ್ತಿಗೆ ಡೇಟಾ ಖಾಲಿ ಆಗಿರುತ್ತೆ ಮೇಡಂ. ಹನ್ನೆರಡಕ್ಕೆ ಹೊಸ ಡೇಟಾ ಬರುತ್ತಲ್ವಾ, ಅಲ್ಲಿವರೆಗೂ ಎಚ್ಚರ ಇರ್ತೀನಿ."

ಇಷ್ಟು ವರ್ಷ ಮಕ್ಕಳ ಮಧ್ಯೆಯೇ ಇದ್ದೀನಿ, ನನಗೆ ಇದು ಹೊಳೆದೇ ಇರಲಿಲ್ಲ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಅಂತ ರೀಚಾರ್ಜ್ ಮಾಡಿಸುತ್ತೀವಲ್ಲ, ಆ ಲೆಕ್ಕ ಮಧ್ಯರಾತ್ರಿ ಹೊಸದಾಗಿ ಶುರುವಾಗುತ್ತದೆ. ಕಂಪನಿಗೆ ಅದು ದಿನದ ಲೆಕ್ಕ ಅಷ್ಟೇ. ನಮ್ಮ ಮಕ್ಕಳಿಗೆ ಅದು ಹಾಸ್ಟೆಲ್ಲಿನ ಊಟದ ಗಂಟೆ ಇದ್ದ ಹಾಗೆ. ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ. "ಯಾರಿಗೂ ಬೈಯಲ್ಲ, ಮನೆಗೂ ಹೇಳಲ್ಲ. ಹನ್ನೆರಡರ ಡೇಟಾಗೆ ಎಷ್ಟು ಜನ ಕಾಯ್ತೀರಾ?" ಮೊದಲು ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಒಂದೊಂದಾಗಿ ಹೆಚ್ಚುಕಮ್ಮಿ ಅರ್ಧ ಕ್ಲಾಸು.

ಆವತ್ತಿನಿಂದ ನನ್ನ ತಲೆಯಲ್ಲಿ ಇದೇ ಕೊರೀತಿದೆ. ಮಕ್ಕಳ ಮೊಬೈಲ್ ಬಗ್ಗೆ ನಾವು ಎಷ್ಟೊಂದು ಮಾತಾಡುತ್ತೀವಿ. ಮಾರ್ಕ್ಸ್ ಕಮ್ಮಿಯಾಯ್ತು ಅಂತೀವಿ, ಪಾಠದ ಕಡೆ ಗಮನ ಇಲ್ಲ ಅಂತೀವಿ, ಮಾತೆತ್ತಿದರೆ ರೇಗುತ್ತಾರೆ, ಕಣ್ಣು ಹಾಳಾಯ್ತು ಅಂತೀವಿ. ಎಲ್ಲವೂ ನಿಜವೇ. ಆದರೆ ನಿದ್ದೆಯ ಮಾತು ಯಾರ ಬಾಯಲ್ಲೂ ಬರಲ್ಲ. ನನಗೀಗ ಅನ್ನಿಸುವುದು, ಉಳಿದ ತೊಂದರೆಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತಿವೆ. ಎರಡಕ್ಕೆ ಮಲಗಿ ಆರಕ್ಕೆ ಎದ್ದ ಮಗುವಿಗೆ ಬೇಡಿಕೆಯ ನಿಯಮ ತಲೆಗೆ ಹೋಗಬೇಕು ಅಂದರೆ ಹೇಗೆ ಹೋಗುತ್ತೆ? ನಾಲ್ಕು ಗಂಟೆ ನಿದ್ದೆ ಮಾಡಿದ ದೊಡ್ಡವರೂ ಸಿಡಿಮಿಡಿ ಅಂತಾರೆ. ನಾವೇನು ನಗ್ತಾ ಇರ್ತೀವಾ?

13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ಬಗ್ಗೆ ಕೆಲಸ ಮಾಡುವ ವೈದ್ಯರು ಹೇಳುತ್ತಾರೆ. ಇನ್ನೊಂದು ವಿಷಯ ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಹರೆಯ ಬಂದಾಗ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಅನ್ನೋ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ಇವರಲ್ಲಿ ತಡವಾಗಿ ಬರುತ್ತದೆ. ಮೊದಲೇ ತಡ. ಅದರ ಮೇಲೆ ಮುಖದ ಹತ್ತಿರವೇ ಹಿಡಿದ ಪರದೆಯ ಬೆಳಕು ಅದನ್ನು ಇನ್ನಷ್ಟು ತಡ ಮಾಡುತ್ತದೆ. ಬೆಳಕಿಗಿಂತ ಜಾಸ್ತಿ ಕೆಲಸ ಮಾಡೋದು ಪರದೆಯ ಮೇಲೆ ಓಡುತ್ತಿರುವುದು. ಆಟ, ಜಗಳ, ಯಾರೋ ಹಾಕಿದ ಕಾಮೆಂಟು, ಮತ್ತೊಂದು ರೀಲ್ಸ್. ತಲೆ ತಣ್ಣಗಾದರೆ ತಾನೇ ಕಣ್ಣು ಮುಚ್ಚೋದು? ಹಗಲು ಓದಿದ್ದು ಗಟ್ಟಿಯಾಗಿ ಕೂರುವುದೂ ನಿದ್ದೆಯಲ್ಲೇ. ಓದಿ, ಆಮೇಲೆ ನಿದ್ದೆಗೆಟ್ಟರೆ, ಓದಿದ್ದರಲ್ಲಿ ಎಷ್ಟು ಉಳಿಯುತ್ತೆ ಹೇಳಿ.

"ನಾವೂ ರಾತ್ರಿಯೆಲ್ಲ ಕಾದಂಬರಿ ಓದ್ತಿದ್ವಿ, ಏನಾಯ್ತು?" ಅಂತ ಒಬ್ಬರು ಹಿರಿಯ ಮೇಷ್ಟ್ರು ಕೇಳಿದರು. ನಾನೂ ಓದಿದ್ದೀನಿ. ಆದರೆ ಕಾದಂಬರಿಗೆ ಕೊನೆಯ ಪುಟ ಇತ್ತು. ಓದಲು ಲೈಟ್ ಹಾಕಬೇಕಿತ್ತು, ಲೈಟ್ ಹಾಕಿದರೆ ಅಮ್ಮನಿಗೆ ಗೊತ್ತಾಗುತ್ತಿತ್ತು. "ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ" ಅಂತ ಒಳಗಿಂದ ಕೂಗು ಬರ್ತಿತ್ತು. ಅಪ್ಪನೇ ಕಟ್ತಿದ್ದಿದ್ದು, ಅದು ಬೇರೆ ಮಾತು. ನಮ್ಮ ಬಾಲ್ಯದಲ್ಲಿ ದೂರದರ್ಶನವೂ ರಾತ್ರಿ ಒಂದು ಹೊತ್ತಿಗೆ ನಿಲ್ಲುತ್ತಿತ್ತು, ಆಕಾಶವಾಣಿಯೂ ನಿಲ್ಲುತ್ತಿತ್ತು. ಆಮೇಲೆ ಮಲಗದೆ ಬೇರೆ ದಾರಿ ಇರಲಿಲ್ಲ. ಫೋನಿಗೆ ಆ ಕೊನೆಯೇ ಇಲ್ಲ. ಬೆರಳಲ್ಲಿ ಎಳೆದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುತ್ತದಲ್ಲ, ಆ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬಾತ ಆಮೇಲೆ ಬಹಿರಂಗವಾಗಿಯೇ ಅದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ಅಂತೂ ನಮ್ಮ ಪೈಪೋಟಿ ಇರುವುದು ನಿದ್ದೆಯ ಜೊತೆ ಅಂತಲೇ ಹೇಳಿದ್ದರು. ಅಷ್ಟು ದೊಡ್ಡ ಕಂಪನಿಗಳು ಒಂದು ಕಡೆ, ಕಂಬಳಿ ಹೊದ್ದ ಹದಿನೇಳರ ಹುಡುಗಿ ಇನ್ನೊಂದು ಕಡೆ. ಇದರಲ್ಲಿ ಸೋತವಳನ್ನು ಸೋಮಾರಿ ಅಂತ ಬೈಯಲು ನನಗೆ ಮನಸ್ಸು ಬರಲ್ಲ.

ಅವಳ ವಿಷಯಕ್ಕೆ ಬರ್ತೀನಿ. ಹನ್ನೆರಡಕ್ಕೆ ಡೇಟಾ ಬಂದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ಸ್ನ್ಯಾಪ್‌ಚಾಟ್‌ನಲ್ಲಿ ಸ್ಟ್ರೀಕ್ ಕಳಿಸೋದು. ಗೊತ್ತಿಲ್ಲದವರಿಗೆ ಹೇಳ್ತೀನಿ, ಇಬ್ಬರು ಗೆಳತಿಯರು ಒಬ್ಬರಿಗೊಬ್ಬರು ದಿನಾ ತಪ್ಪದೆ ಫೋಟೋ ಕಳಿಸಬೇಕು. ಹಾಗೆ ಎಷ್ಟು ದಿನ ಆಯಿತೋ ಅಷ್ಟು ಸಂಖ್ಯೆ ಬೆಂಕಿಯ ಗುರುತಿನ ಪಕ್ಕ ಬರುತ್ತದೆ. ಒಂದು ದಿನ ತಪ್ಪಿದರೆ ಸಂಖ್ಯೆ ಹೋಯಿತು. ಹೈಸ್ಕೂಲಿನಲ್ಲಿ ಇವಳ ಜೊತೆ ಇದ್ದ ಗೆಳತಿ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಇಬ್ಬರದೂ ಆಗ ನಾನೂರು ದಿನ ದಾಟಿತ್ತು.

"ಏನು ಫೋಟೋ ಕಳಿಸ್ತೀಯ?" ಅಂದೆ. ತೋರಿಸಿದಳು. ಫ್ಯಾನಿನ ಫೋಟೋ, ಗೋಡೆಯ ಫೋಟೋ. ಒಂದರಲ್ಲಿ ಏನೂ ಇಲ್ಲ, ಬರೀ ಕಪ್ಪು. ರೂಮಿನ ಕತ್ತಲೆಯನ್ನೇ ಫೋಟೋ ತೆಗೆದು ಮೇಲೆ ಸ್ಟ್ರೀಕ್‌ಗೆ ಅಂತ ಒಂದು 'ಎಸ್' ಅಕ್ಷರ ಬರೆದು ಕಳಿಸಿದ್ದಾಳೆ. ಆ ಕಡೆಯಿಂದಲೂ ಅಂಥದ್ದೇ ಒಂದು ಕತ್ತಲೆ ಬಂದಿದೆ. "ಮಾತಾಡ್ತೀರಾ ಇಬ್ಬರೂ?" ಅಂದೆ. "ಇಲ್ಲ ಮೇಡಂ, ಟೈಮ್ ಸಿಗಲ್ಲ" ಅಂದಳು. ನನಗೆ ಗಂಟಲು ಕಟ್ಟಿತು. ಗೆಳತಿಯನ್ನು ಕಳೆದುಕೊಳ್ಳಬಾರದು ಅಂತ ತಾನೇ ಈ ಮಗು ನಿದ್ದೆಗೆಡುತ್ತಿರುವುದು?

ಮುಂದಿನ ವಾರ ಅವರಪ್ಪನನ್ನು ಕರೆಸಿದೆ. ಗೂಡ್ಸ್ ಆಟೋ ಓಡಿಸುತ್ತಾರೆ. ಫೋನ್ ಯಾಕೆ ಕೊಡಿಸಿದ್ರಿ ಅಂತ ಕೇಳುವ ಮೊದಲೇ ಅವರೇ ಹೇಳಿದರು. "ಕೊರೋನಾ ಟೈಮಲ್ಲಿ ಸ್ಕೂಲಿನವರೇ ಫೋನ್ ಇಲ್ಲದಿದ್ರೆ ಪಾಠ ಇಲ್ಲ ಅಂದ್ರು ಮೇಡಂ. ಸಾಲ ಮಾಡಿ ತಂದೆ. ಈಗ ನೀವೇ ಕಿತ್ಕೊಳ್ಳಿ ಅಂತೀರಿ. ಕಿತ್ಕೊಂಡ್ರೆ ನಿಮ್ಮ ನೋಟ್ಸ್ ಯಾವುದರಲ್ಲಿ ಬರುತ್ತೆ?"

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಹಿಂದಿನ ರಾತ್ರಿ ಹತ್ತೂಕಾಲಿಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಪ್ರಶ್ನೆಗಳನ್ನು ಹಾಕಿದ್ದು ನಾನೇ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆ ಮುಚ್ಚಿ ಫೋನು ಮಕ್ಕಳ ಕೈಗೇ ಬಂತು. ಅದೇ ವರ್ಷ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಂತಿತು, ಜುಲೈನಲ್ಲಿ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ಶಾಲೆ ತೆರೆದ ಮೇಲೂ ಫೋನು ವಾಪಸ್ ಬರಲಿಲ್ಲ. ಹಳ್ಳಿಗಾಡಿನ ಮಕ್ಕಳ ಓದಿನ ಬಗ್ಗೆ ವರದಿ ಕೊಡುವ ಅಸರ್‌ನವರ 2024ರ ಸಮೀಕ್ಷೆ ಪ್ರಕಾರ, 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 82ಕ್ಕೂ ಹೆಚ್ಚು ಜನಕ್ಕೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇಕಡಾ 57, ಸೋಷಿಯಲ್ ಮೀಡಿಯಾಗೆ ಬಳಸಿದವರು 76. ಓದಿಗೆ ಅಂತ ಕೊಟ್ಟಿದ್ದು ನಾವು. ಕೊಟ್ಟು, ರಾತ್ರಿ ಅದು ಎಲ್ಲಿರುತ್ತೆ ಅಂತ ಕೇಳದೇ ಹೋದವರೂ ನಾವೇ.

ಆದ್ದರಿಂದ ಕಿತ್ತುಕೊಳ್ಳಿ ಅಂತ ಹೇಳುವವಳು ನಾನಲ್ಲ. ಕಿತ್ತುಕೊಂಡ ಮನೆಗಳಲ್ಲಿ ಏನೇನಾಗಿದೆ ಅಂತ ಪೇಪರಿನಲ್ಲಿ ಓದಿ ಎಷ್ಟೋ ಸಲ ಎದೆ ನಡುಗಿದೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಬೇಡ ಅಂತ ಕಾನೂನು ಜಾರಿಯಾಗಿದೆ, ಒಳ್ಳೆಯದೇ. ಆದರೆ ಯಾವ ಕಾನೂನೂ ನಮ್ಮ ಮನೆಯ ದಿಂಬಿನ ಕೆಳಗೆ ಬಂದು ನೋಡಲ್ಲ. ನನಗೆ ಹಿಡಿಸಿದ್ದು ನಮ್ಮ ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ. 2022ರಲ್ಲಿ ಅಲ್ಲಿ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗಿಸೋಕೆ ಶುರು ಮಾಡಿದರು. ಒಂದೂವರೆ ಗಂಟೆ ಊರಿಗೆ ಊರೇ ಫೋನು, ಟಿವಿ ಬಂದ್. ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ. ಅದಕ್ಕೇ ಅದು ನಡೆದಿದ್ದು ಅಂತ ನನ್ನ ನಂಬಿಕೆ. ಸೋಫಾ ಮೇಲೆ ಕೂತು ರೀಲ್ಸ್ ನೋಡುವ ಅಪ್ಪ "ಫೋನ್ ಇಡು" ಅಂದರೆ ಯಾವ ಮಗು ಕೇಳುತ್ತೆ?

ಅವರಪ್ಪನಿಗೆ ನಾನು ಕೇಳಿಕೊಂಡಿದ್ದು ಒಂದೇ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ. ಅವರದ್ದೂ ಸೇರಿ. "ಅಲಾರಂಗೆ ಬೇಕು ಮೇಡಂ" ಅಂದಳು ಹುಡುಗಿ. ಕ್ಲಾಸಿನಲ್ಲೂ ಎಲ್ಲರೂ ಇದನ್ನೇ ಹೇಳಿದ್ದರು. ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ಅಂಗಡಿಯಿಂದ ನಾನೇ ಒಂದು ಅಲಾರಂ ಗಡಿಯಾರ ತಂದುಕೊಟ್ಟೆ. ನನ್ನ ಕಡೆಯಿಂದ ಸಂಜೆ ಏಳರ ಮೇಲೆ ಗ್ರೂಪಿಗೆ ಏನೂ ಹಾಕಲ್ಲ ಅಂತ ಮಾತು ಕೊಟ್ಟೆ, ಇವತ್ತಿಗೂ ಹಾಕಿಲ್ಲ.

ಮೊದಲ ವಾರ ಕಷ್ಟವಾಯಿತಂತೆ. ಹನ್ನೆರಡರ ಹೊತ್ತಿಗೆ ಎಚ್ಚರವಾಗಿ ದಿಂಬಿನ ಕೆಳಗೆ ಕೈಯಾಡಿಸುತ್ತಿದ್ದಳಂತೆ. ಒಂದು ದಿನ ಸಂಜೆ ಕಳಿಸೋದು ಮರೆತು ಸ್ಟ್ರೀಕ್ ಹೋಯಿತು, ಅವತ್ತು ಅತ್ತಿದ್ದಾಳೆ. ಈಗಲೂ ಎಲ್ಲ ದಿನ ಹತ್ತಕ್ಕೆ ನಿದ್ದೆ ಬರುತ್ತೆ ಅಂತೇನಿಲ್ಲ. ಹನ್ನೊಂದಾಗುತ್ತೆ, ಒಮ್ಮೊಮ್ಮೆ ಹನ್ನೊಂದೂವರೆ. ಆದರೆ ಎರಡಾಗಲ್ಲ.

ಇದರಿಂದ ಎಲ್ಲರಿಗೂ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಊಟ ಬಿಟ್ಟು, ಕಾಲೇಜು ಬಿಟ್ಟು ಫೋನಿನಲ್ಲೇ ಮುಳುಗಿರುವ ಮಕ್ಕಳಿದ್ದರೆ ದಯವಿಟ್ಟು ಹೊಡೆಯಬೇಡಿ, ಮುಚ್ಚಿಡಲೂ ಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಶುರುವಾಗಿದೆ. ಅಷ್ಟು ದೂರ ಹೋಗಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವ ಶನಿವಾರ ನಮ್ಮಲ್ಲಿ ಪೋಷಕರ ಸಭೆ ಇದೆ. ಈ ಸಲ ಮಾರ್ಕ್ಸ್ ಮಾತು ಆಮೇಲೆ ಅಂತ ಪ್ರಿನ್ಸಿಪಾಲರನ್ನು ಒಪ್ಪಿಸಿದ್ದೀನಿ. ಮೊದಲು ಪ್ರತಿಯೊಬ್ಬ ಅಪ್ಪ ಅಮ್ಮನಿಗೂ ಕೇಳುವುದು, ರಾತ್ರಿ ಮಗುವಿನ ಫೋನ್ ಎಲ್ಲಿರುತ್ತೆ, ನಿಮ್ಮದು ಎಲ್ಲಿರುತ್ತೆ ಅಂತ. ಅವಳ ಆ ಐದನೇ ಪುಟವನ್ನು, ಹೆಸರು ಕಾಣದ ಹಾಗೆ, ಎಲ್ಲರಿಗೂ ತೋರಿಸಲು ಅವಳೇ ಒಪ್ಪಿದ್ದಾಳೆ.