ಭವಿಷ್ಯ ಕೇಳಲಿಕ್ಕಲ್ಲ, ಕಾಲು ಗಂಟೆ ಸಿಗಲಿ ಅಂತ

ಟ್ಯಾರೋ ಅಂದರೆ ಚಿತ್ರದ ಕಾರ್ಡುಗಳ ಒಂದು ಕಟ್ಟು. ಹೆಸರು ಹೇಳಿದ ತಕ್ಷಣ ನಮ್ಮ ಜನಕ್ಕೆ ನೆನಪಾಗುವುದು ಗಿಣಿಶಾಸ್ತ್ರ. ನಾನು ಕಾರ್ಡ್ ಹಿಡಿದು ಕೂರುತ್ತೇನೆ ಅಂತ ಗೊತ್ತಾದದ್ದೇ ತಡ, ಆಫೀಸಿನಲ್ಲಿ ಒಬ್ಬರು ಪ್ರಮೋಷನ್ ಯಾವಾಗ ಅಂತ ಕೇಳಿದರು, ಪಕ್ಕದ ಮನೆ ಆಂಟಿ ಮಗಳ ಮದುವೆ ಯಾವಾಗ ಅಂದರು. ನನಗೆ ಗೊತ್ತಿಲ್ಲ. ಕಾರ್ಡಿಗೂ ಗೊತ್ತಿಲ್ಲ. ರಟ್ಟಿನ ಎಲೆಗೆ ನಾಳೆಯದು ಹೇಗೆ ಗೊತ್ತಿರಬೇಕು ಹೇಳಿ?

ಮತ್ಯಾಕೆ ಅಂದರೆ, ನನ್ನದು ಅಂತ ಒಂದಿಷ್ಟು ಹೊತ್ತು ಬೇಕಿತ್ತು. ಬೆಳಗ್ಗೆ ಡಬ್ಬಿ, ಮಗಳ ಸ್ಕೂಲ್ ವ್ಯಾನ್, ಆಮೇಲೆ ಔಟರ್ ರಿಂಗ್ ರೋಡ್, ರಾತ್ರಿ ಅಮೆರಿಕದವರ ಕಾಲ್. ನಡುವೆ ಸುಮ್ನೆ ಕೂತರೆ "ಸುಮ್ನೆ ಕೂತಿದ್ದೀಯಲ್ಲ, ಈ ಅವರೆಕಾಳು ಬಿಡಿಸು" ಅಂತಾರೆ. ಫೋನ್ ಹಿಡಿದರೆ "ಯಾವಾಗ ನೋಡಿದರೂ ಫೋನು". ಆದರೆ ಕಾರ್ಡ್ ಹರಡಿಕೊಂಡು ಕೂತು ನೋಡಿ, ಪೂಜೆಗೆ ಕೂತವರನ್ನು ಮಾತಾಡಿಸಬಾರದು ಅನ್ನುವ ಹಾಗೆ ಎಲ್ಲರೂ ದೂರದಿಂದಲೇ ಹೋಗುತ್ತಾರೆ! ಅತ್ತೆ ಮಾತ್ರ ಮೊದಮೊದಲು "ಇದೇನಮ್ಮ, ಬೆಳಗ್ಗೆ ಬೆಳಗ್ಗೆ ಇಸ್ಪೀಟಾ?" ಅಂದಿದ್ದರು.

ಅತ್ತೆ ಹೇಳಿದ್ದೇ ಸರಿ. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇದು ಹುಟ್ಟಿದ್ದೇ ಆಡುವ ಎಲೆಯಾಗಿ. ಭವಿಷ್ಯ ಹೇಳುವ ಚಾಳಿ ಜೋರಾಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಾ ಅನ್ನುವ ಫ್ರೆಂಚ್ ಲೇಖಕರು ಇದು ಪ್ರಾಚೀನ ಈಜಿಪ್ಟಿನ ಜ್ಞಾನ ಅಂತ ಬರೆದರು. ಆಧಾರ ಏನೂ ಇರಲಿಲ್ಲ, ಜನ ನಂಬಿದರು. ಇವತ್ತು ಜಾಸ್ತಿ ಬಳಕೆಯಲ್ಲಿರುವ 78 ಎಲೆಗಳ ಕಟ್ಟು ಲಂಡನ್ನಿನಲ್ಲಿ ಬಂದದ್ದು 1909ರಲ್ಲಿ. ಅದರ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಕಟ್ಟಿಗೆ ಬಿದ್ದ ಹೆಸರು ಮಾತ್ರ ಪ್ರಕಾಶಕ ರೈಡರ್ ಮತ್ತು ಅದನ್ನು ಮಾಡಿಸಿದ ವೇಟ್, ಈ ಇಬ್ಬರದು. ರಾತ್ರಿಯೆಲ್ಲ ಕೂತು ಪಿಪಿಟಿ ಮಾಡಿಕೊಟ್ಟವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ, ಅಲ್ವಾ?

ಆ ಚಿತ್ರಗಳಿಗೋಸ್ಕರವೇ ನಾನು ಕೂರುವುದು. ಒಂದು ಎಲೆ ತಿರುಗಿಸುತ್ತೇನೆ, ನೋಡುತ್ತೇನೆ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತೇನೆ, ಅಷ್ಟೇ. ಹತ್ತು ಕೋಲಿನ ಎಲೆಯಲ್ಲಿ ಒಬ್ಬ ಹತ್ತೂ ಕೋಲನ್ನು ತಬ್ಬಿಕೊಂಡು ಬಗ್ಗಿ ನಡೆಯುತ್ತಿದ್ದಾನೆ, ಮುಖ ಕೋಲುಗಳ ಹಿಂದೆ ಹುದುಗಿಹೋಗಿದೆ. ಊರು ಎದುರಿಗೇ ಇದೆ, ಅವನಿಗೆ ಕಾಣುತ್ತಿಲ್ಲ. ಅದು ಬಂದ ದಿನ ನನ್ನ ಹತ್ತು ಕೋಲು ಯಾವುವು ಅಂತ ಪಟ್ಟಿ ಮಾಡಿದೆ. ನಾಲ್ಕು ನನ್ನವೇ ಅಲ್ಲ! ಎಂಟು ಕತ್ತಿಯ ಎಲೆ ಇನ್ನೂ ಜೋರು. ಹೆಂಗಸಿನ ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಸುತ್ತ ನೆಟ್ಟ ಕತ್ತಿಗಳು. ಸರಿಯಾಗಿ ನೋಡಿದರೆ ಕಾಲು ಕಟ್ಟಿಲ್ಲ, ಮುಂದೆ ದಾರಿಗೆ ಅಡ್ಡ ಕತ್ತಿಯೂ ಇಲ್ಲ. ಶುಕ್ರವಾರ ರಾತ್ರಿಯ ಫೋನ್ ಕಾಲ್‌ಗೆ ಬರುವುದಿಲ್ಲ, ನೋಟ್ಸ್ ಕಳಿಸಿ ಅಂತ ಮ್ಯಾನೇಜರಿಗೆ ಮೆಸೇಜ್ ಹಾಕಿದ್ದು ಆ ವಾರವೇ. ಅವರು "ಓಕೆ" ಅಂದರು. ಬರೀ ಓಕೆ! ಇಷ್ಟಕ್ಕೆ ನಾನು ವರ್ಷಗಟ್ಟಲೆ ಹೆದರಿದ್ದು.

ಇದನ್ನು ಕಾರ್ಡಿನ ಮಹಿಮೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಯೋಚನೆ ಮಾಡಿದ್ದು ನಾನು, ಮೆಸೇಜ್ ಹಾಕಿದ್ದೂ ನಾನು. ವಿಡಿಯೋ ಕಾಲಿನಲ್ಲಿ ನಿಮ್ಮ ಗಂಡನ ಮನಸ್ಸಿನಲ್ಲಿ ಏನಿದೆ ಹೇಳ್ತೀವಿ ಅಂತ ಸಾವಿರಾರು ರೂಪಾಯಿ ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ, ಗಂಡನನ್ನೇ ಕೇಳಿ. ಇನ್ನು ನಿದ್ದೆಯೇ ಬರುತ್ತಿಲ್ಲ, ಏನೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಎಲೆಯ ಕೆಲಸ ಅಲ್ಲವೇ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈ ಕಟ್ಟನ್ನು ನಾಲ್ಕು ದಿನ ಕೊಡು ಅಂತ ಕೇಳಿದ ಗೆಳತಿಗೆ ಇಲ್ಲೇ ಹೇಳಿಬಿಡುತ್ತೇನೆ: ಕೊಡುವುದಿಲ್ಲ ಕಣೇ. ನೀನು ತಗೊಂಡ ಪುಸ್ತಕವೇ ಇನ್ನೂ ವಾಪಸ್ ಬಂದಿಲ್ಲ.