ಬ್ಯಾಟರಿಯ ಮೇಲೆ ಹೊರಿಸಿದ ಆರೋಪ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮ ಬೀದಿಯಲ್ಲಿ ವಿಚಾರಣೆಯೇ ಇಲ್ಲದೆ ಶಿಕ್ಷೆಗೆ ಗುರಿಯಾಗುವುದು ಬ್ಯಾಟರಿ. ಬಾನೆಟ್ ಎತ್ತಿದೊಡನೆ ಅದು ಕಣ್ಣಿಗೆ ಬೀಳುತ್ತದೆ, ನಾಲ್ಕು ನಟ್ಟು ಸಡಿಲಿಸಿದರೆ ಕೈಗೆ ಬರುತ್ತದೆ, ಹಳೆಯದನ್ನು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುವ ಅಂಗಡಿಯೂ ಹತ್ತಿರದಲ್ಲೇ ಇರುತ್ತದೆ. ಓಡುವ ಎಂಜಿನ್ನಿನ ಬಲದಿಂದ ವಿದ್ಯುತ್ ತಯಾರಿಸುವ ಆಲ್ಟರ್ನೇಟರಿನ ಸಂಗತಿ ಬೇರೆ. ಅದು ಎಂಜಿನ್ನಿನ ಪಕ್ಕೆಯಲ್ಲಿ, ಬೆಲ್ಟಿನ ಮರೆಯಲ್ಲಿ, ಮಸಿ ಮೆತ್ತಿಕೊಂಡು ತಲೆಮರೆಸಿಕೊಂಡಿರುತ್ತದೆ. ಅದರ ಹೆಸರು ಹೇಳಿದರೆ ಅರ್ಧ ಜನ "ಡೈನಮೋನಾ?" ಎನ್ನುತ್ತಾರೆ, ಉಳಿದರ್ಧ ಜನ ಅಂಥದ್ದೊಂದು ಇದೆಯೆಂಬುದನ್ನೇ ನಂಬುವುದಿಲ್ಲ.

ಇವೆರಡರ ಸಂಬಂಧ ಮನೆಯ ಮೇಲಿನ ನೀರಿನ ಟ್ಯಾಂಕಿಗೂ ಕೆಳಗಿನ ಮೋಟರಿಗೂ ಇರುವಂಥದ್ದು. ಕೀಲಿ ತಿರುಗಿಸಿದ ಕ್ಷಣದಲ್ಲಿ ಸ್ಟಾರ್ಟರ್ ಮೋಟರು ನೂರಾರು ಆಂಪಿಯರುಗಳನ್ನು ಎಳೆದುಕೊಳ್ಳುತ್ತದೆ; ಅದನ್ನು ಕೊಡುವುದು ಬ್ಯಾಟರಿ. ಎಂಜಿನ್ ಓಡತೊಡಗಿದ ಮೇಲೆ ದೀಪ, ವೈಪರ್, ಹಾರ್ನ್‌ಗಳ ಖರ್ಚನ್ನು ನಿಭಾಯಿಸಿ, ಬ್ಯಾಟರಿ ಕಳೆದುಕೊಂಡದ್ದನ್ನು ತುಂಬಿಕೊಡುವುದು ಆಲ್ಟರ್ನೇಟರ್. ಟ್ಯಾಂಕು ಬರಿದಾಗಿದೆಯೆಂದು ಯಾರೂ ಹೊಸ ಟ್ಯಾಂಕು ತರುವುದಿಲ್ಲ, ಮೊದಲು ಮೋಟರು ನೀರೆತ್ತುತ್ತಿದೆಯೇ ಎಂದು ನೋಡುತ್ತಾರೆ. ಆದರೆ ಕಾರಿನ ವಿಷಯ ಬಂದೊಡನೆ ಈ ವಿವೇಕ ಎಲ್ಲಿಗೆ ಹೋಗುತ್ತದೋ ತಿಳಿಯದು.

ಶ್ರಾವಣದಲ್ಲಿ ಹೊಳೆನರಸೀಪುರದಲ್ಲಿ ನನ್ನಾಕೆಯ ಸೋದರಮಾವನ ಮಗಳ ಮದುವೆ. ಮೈಸೂರಿನಿಂದ ಮುಹೂರ್ತಕ್ಕೆ ತಲುಪಬೇಕೆಂದು ರೇಷ್ಮೆ ಸೀರೆ, ಪಂಚೆಗಳಲ್ಲಿ ಸಜ್ಜಾಗಿ ಹೊರಟರೆ, ಕಾರು "ಟಕ್" ಎಂದು ಒಂದೇ ಸದ್ದು ಮಾಡಿ ಸುಮ್ಮನಾಯಿತು. ಆ ಸದ್ದು ಕೇಳಿ ಎದುರುಮನೆಯ ಹಿರಿಯರು, ಹಾಲಿನ ವ್ಯಾನಿನ ಹುಡುಗ, ಮತ್ತು ಯಾವ ಕೆಲಸವೂ ಇಲ್ಲದ ಇನ್ನೂ ಕೆಲವರು ಬಂದು ಸೇರಿದರು. ತೀರ್ಪು ತಡವಾಗಲಿಲ್ಲ: "ಬ್ಯಾಟರಿ ಹೋಗಿದೆ ಸಾರ್."

ವೋಲ್ಟೇಜು ಅಳೆಯುವ ಮಲ್ಟಿಮೀಟರ್ ಇರುವವನು ಮಾತಿನಿಂದ ವಾದಿಸಬಾರದು ಎಂಬುದು ನನ್ನ ನಂಬಿಕೆ. ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿವೆ, ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಹಾಗಾಗಿ ರಾತ್ರಿಯೆಲ್ಲ ಸುಮ್ಮನಿದ್ದ, ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ 12.6 ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಹೆಚ್ಚೇನೂ ಉಳಿದಿಲ್ಲವೆಂದೇ ಅರ್ಥ. ಆದರೆ ಬ್ಯಾಟರಿ ಖಾಲಿಯಾಗಿದೆ ಎಂಬುದು ಸಾವಿನ ಸಮಯವನ್ನು ಹೇಳುತ್ತದೆಯೇ ಹೊರತು ಕೊಂದವರು ಯಾರೆಂದು ಹೇಳುವುದಿಲ್ಲ. ಅದಕ್ಕೆ ಎಂಜಿನ್ ಓಡುತ್ತಿರುವಾಗ ಮತ್ತೊಮ್ಮೆ ಅಳೆಯಬೇಕು. ಆಗ ಮೀಟರು 13.8ರಿಂದ 14.5ರ ನಡುವೆ ನಿಂತರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಹನ್ನೆರಡರ ಆಸುಪಾಸಿನಲ್ಲೇ ಮಿಸುಕಾಡುತ್ತ ಕೆಳಗಿಳಿಯುತ್ತಿದ್ದರೆ, ಅದು ಹಾಜರಿ ಹಾಕಿ ಮನೆಗೆ ಹೋಗಿದೆ.

ಇದನ್ನೆಲ್ಲ ವಿವರಿಸುತ್ತಲೇ ಮಲ್ಟಿಮೀಟರನ್ನು ತಂದು ಗುಂಡಿ ತಿರುಗಿಸಿದೆ. ಪರದೆ ಬೆಳಗಲಿಲ್ಲ. ಅದರೊಳಗಿನ 9 ವೋಲ್ಟಿನ ಬ್ಯಾಟರಿ ಯಾವಾಗಲೋ ತೀರಿಕೊಂಡಿತ್ತು. "ನೋಡಿ, ಇಲ್ಲೂ ಬ್ಯಾಟರಿಯದೇ ಸಮಸ್ಯೆ," ಎಂದರು ಹಿರಿಯರು. ನೆರೆದವರಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

ಹಾಲಿನ ವ್ಯಾನನ್ನು ಪಕ್ಕಕ್ಕೆ ತಂದು ಜಂಪರ್ ವೈರು ಹಾಕಿದೆವು. ಕೆಂಪು ವೈರು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ. ಕಪ್ಪು ವೈರಿನ ಕೊನೆಯ ತುದಿಯನ್ನು ಮಾತ್ರ ಸತ್ತ ಬ್ಯಾಟರಿಯ ಮೈನಸ್ಸಿಗೆ ಕೊಡದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿಯಬೇಕು, ಏಕೆಂದರೆ ಬ್ಯಾಟರಿಯಿಂದ ಜಲಜನಕ ಹೊರಬರುತ್ತಿರಬಹುದು ಮತ್ತು ಕಿಡಿಗೆ ಅದರ ಪಕ್ಕದಲ್ಲಿ ಕೆಲಸವಿಲ್ಲ. ಕಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ಆಗ ಹಿರಿಯರು, ತಮ್ಮ ಅಂಬಾಸಿಡರ್ ದಿನಗಳನ್ನು ನೆನೆಯುತ್ತ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರು ಕೀಳಲು ಮುಂದಾದರು. ಎಂಜಿನ್ ನಿಂತರೆ ಡೈನಮೋ ಹಾಳು, ನಿಲ್ಲದಿದ್ದರೆ ಬ್ಯಾಟರಿ ಹಾಳು, ಇಷ್ಟೇ ಲೆಕ್ಕ. ಹಳೆಯ ಕಾರುಗಳು ಈ ಪರೀಕ್ಷೆಯನ್ನು ಸಹಿಸಿಕೊಂಡಿರಬಹುದು. ಈಗಿನ ಕಾರಿನಲ್ಲಿ ಬ್ಯಾಟರಿಯ ಆಸರೆ ತಪ್ಪಿದೊಡನೆ ವೋಲ್ಟೇಜು ಹುಚ್ಚೆದ್ದು ಏರಿ, ಎಂಜಿನ್ನನ್ನು ನಡೆಸುವ ಕಂಪ್ಯೂಟರನ್ನೇ ಸುಟ್ಟೀತು. ಅವರ ಕೈ ಹಿಡಿದು ತಡೆಯುವುದರೊಳಗೆ ನನ್ನ ಪಂಚೆಗೆ ಗ್ರೀಸ್ ಅಂಟಿತ್ತು.

ಅಷ್ಟರಲ್ಲಿ ಹಾಲಿನ ಹುಡುಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡೇ ಇದ್ದ ಕೆಂಪು ದೀಪವನ್ನು ತೋರಿಸಿದ. ಅದರ ಆಕಾರ ಬ್ಯಾಟರಿಯದು. ಎಂಜಿನ್ ಓಡುತ್ತಿರುವಾಗ ಆ ದೀಪ ಉರಿದರೆ ಚಾರ್ಜಿಂಗ್ ಕೆಟ್ಟಿದೆಯೆಂದು ಅರ್ಥ, ಅಂದರೆ ಬೊಟ್ಟು ತೋರುವುದು ಮುಖ್ಯವಾಗಿ ಆಲ್ಟರ್ನೇಟರಿನ ಕಡೆಗೆ. ಕಳ್ಳನನ್ನು ಹಿಡಿಯಿರೆಂದು ಊರೆಲ್ಲ ಭಿತ್ತಿಪತ್ರ ಹಚ್ಚಿ, ಅದರ ಮೇಲೆ ಕಳ್ಳತನಕ್ಕೆ ಒಳಗಾದವನ ಫೋಟೋ ಹಾಕುವ ಈ ಜಾಣತನ ಯಾರಿಗೆ ಹೊಳೆಯಿತೋ! "ಕಾರೇ ಬ್ಯಾಟರಿ ಅಂತ ಹೇಳ್ತಾ ಇದೆಯಲ್ಲ ರೀ," ಎಂದಳು ನನ್ನಾಕೆ, ಗಡಿಯಾರ ನೋಡುತ್ತ. ಓಡಿಸಿದರೆ ತಾನಾಗಿಯೇ ಚಾರ್ಜ್ ಆಗುತ್ತದೆಂದು ಸಭೆ ಅಪ್ಪಣೆ ಕೊಟ್ಟಿತು. ನನ್ನದು ಒಂದೇ ಮತ, ಹೊರಟೆವು.

ಬಿಳಿಕೆರೆ ದಾಟುವವರೆಗೆ ತೊಂದರೆಯಿರಲಿಲ್ಲ. ಮಳೆ ಜೋರಾಗಿ, ವೈಪರ್, ಹೆಡ್‌ಲೈಟು, ಗಾಜಿನ ಮಂಜು ಒರೆಸುವ ಫ್ಯಾನು ಎಲ್ಲವನ್ನೂ ಹಾಕಬೇಕಾಯಿತು. ಮೊದಲು ವೈಪರಿಗೆ ಆಲಸ್ಯ ಬಂತು. ಆಮೇಲೆ ದೀಪ ಹಳದಿಗೆ ತಿರುಗಿತು. ಕೃಷ್ಣರಾಜನಗರ ಇನ್ನೇನು ಬಂತೆನ್ನುವಾಗ ರಸ್ತೆಗೆ ಅಡ್ಡ ನಿಂತಿದ್ದ ಎಮ್ಮೆಗೆ ಹಾರ್ನ್ ಮಾಡಿದರೆ, ಹೊರಟ ಸದ್ದಿಗೆ ಎಮ್ಮೆಯಿರಲಿ, ಪಕ್ಕದಲ್ಲಿ ಕೂತಿದ್ದ ನನ್ನಾಕೆಯೂ ತಿರುಗಿ ನೋಡಲಿಲ್ಲ. ಮರುಕ್ಷಣ ಎಂಜಿನ್ ನಿಂತಿತು. ಬ್ಯಾಟರಿಯೊಂದೇ ದೋಷಿಯಾಗಿದ್ದರೆ, ಒಮ್ಮೆ ಹತ್ತಿಕೊಂಡ ಕಾರು ಆಲ್ಟರ್ನೇಟರಿನ ಬಲದಿಂದ ಕಲ್ಯಾಣ ಮಂಟಪದ ಬಾಗಿಲವರೆಗೂ ಓಡುತ್ತಿತ್ತು. ಮಾರ್ಗಮಧ್ಯದಲ್ಲಿ ಹೀಗೆ ಒಂದೊಂದೇ ಇಂದ್ರಿಯ ಕಳೆದುಕೊಂಡು ನಿಲ್ಲುವುದು ಆಲ್ಟರ್ನೇಟರ್ ಕೈಕೊಟ್ಟ ಕಾರಿನ ಲಕ್ಷಣ. ನನ್ನ ವಾದ ಗೆದ್ದಿತ್ತು. ಮಳೆಯಲ್ಲಿ ಅದನ್ನು ಕೇಳಲು ಎಮ್ಮೆಯೊಂದೇ ಇತ್ತು.

ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಎಳೆದು ಆಟೋ ಎಲೆಕ್ಟ್ರಿಷಿಯನ್ನನ ಅಂಗಡಿಗೆ ಮುಟ್ಟಿಸಿದ. ಆತ ಮಾತಿಲ್ಲದ ಮನುಷ್ಯ. ಬೇರೊಂದು ಬ್ಯಾಟರಿಯ ಸಹಾಯದಿಂದ ಎಂಜಿನ್ ಓಡಿಸಿ, ಮೀಟರು ಹಿಡಿದು, ಆಕ್ಸಿಲರೇಟರ್ ಒತ್ತಲು ನನಗೆ ಸನ್ನೆ ಮಾಡಿದ. ಮುಳ್ಳು 12ರ ಕೆಳಗೇ ಕೂತಿತ್ತು. ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ, ಬಿಗಿಯಾಗಿತ್ತು. ಆಲ್ಟರ್ನೇಟರ್ ಇಳಿಸಿ ಹಿಂಬದಿ ಬಿಚ್ಚಿದಾಗ ಕಂಡದ್ದು ಸವೆದು ಚೂರಾಗಿದ್ದ ಎರಡು ಕಾರ್ಬನ್ ಬ್ರಷ್‌ಗಳು. ತಿರುಗುವ ಸುರುಳಿಗೆ ವಿದ್ಯುತ್ತನ್ನು ಮುಟ್ಟಿಸುವುದು ಇವೇ. ಇವು ತಾಗದಿದ್ದರೆ ಆಲ್ಟರ್ನೇಟರ್ ಎಷ್ಟು ವೇಗವಾಗಿ ತಿರುಗಿದರೂ ವ್ಯರ್ಥ. ಬ್ರಷ್ ಬದಲಿಸಿದ ಮೇಲೆ ಮೀಟರು 14.2 ತೋರಿಸಿತು. ಕೂಲಿಯೆಲ್ಲ ಸೇರಿದರೂ ಹೊಸ ಬ್ಯಾಟರಿಯ ಬೆಲೆಯ ಹತ್ತಿರಕ್ಕೂ ಹೋಗಲಿಲ್ಲ. ನಾನು ನನ್ನಾಕೆಯ ಕಡೆಗೆ ನೋಡಿದೆ. ಆಕೆ ಫೋನಿನಲ್ಲಿ, ಧಾರೆ ಮುಗಿಯಿತೆಂಬ ಸುದ್ದಿ ಕೇಳುತ್ತಿದ್ದಳು.

ಹೊರಡುವಾಗ ಎಲೆಕ್ಟ್ರಿಷಿಯನ್ ಮೊದಲ ಬಾರಿಗೆ ಬಾಯಿ ತೆರೆದ. "ಬ್ಯಾಟರೀನೂ ಸೊರಗೋಗಿದೆ ಸಾರ್. ದಾರೀಲಿ ಆಫ್ ಮಾಡ್ಬೇಡಿ." ಪೂರ್ತಿ ಬರಿದಾಗಿ ಕೂತ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಷ್ಟು ಹಿಡಿದಿಡುವುದಿಲ್ಲ, ಅಂದರೆ ಆಲ್ಟರ್ನೇಟರಿನ ಕಳ್ಳತನಕ್ಕೆ ಬ್ಯಾಟರಿ ನಿಜವಾಗಿಯೂ ಬಲಿಯಾಗುವ ಸಾಧ್ಯತೆ ಇದ್ದೇ ಇತ್ತು. ಎದುರುಮನೆಯ ಹಿರಿಯರಿಗೆ ಈ ಮಾತು ತಲುಪಬಾರದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಹೊಳೆನರಸೀಪುರದ ಕಲ್ಯಾಣ ಮಂಟಪದ ಎದುರು ಸಮತಟ್ಟಾದ ಜಾಗ ಧಾರಾಳವಾಗಿತ್ತು. ಅದನ್ನು ಬಿಟ್ಟು, ಪಕ್ಕದ ಬೀದಿಯ ಇಳಿಜಾರಿನಲ್ಲಿ ಕಾರಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಊಟದ ಕೊನೆಯ ಪಂಕ್ತಿಗೆ ಓಡಿದೆವು.